ಹೊಗೆ ರಾಯಚೂರಿಗೆ ಹೋಯಿತಷ್ಟೇ ಅಲ್ವಾ?

ಪ್ರಶ್ನೆ: ನಾವು ಶ್ರೀನಿವಾಸಪುರದವರು. ನಾನು ಕೋಲಾರದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದಿನಾ ಹೋಗಿ ಬರಲು 50 ಕಿ.ಮೀ. ಆಗುತ್ತದೆ. ತಿಂಗಳಿಗೆ ಎರಡು ಸಲ ಬೆಂಗಳೂರು, ವರ್ಷಕ್ಕೆ ಎರಡು ಸಲ ತಿರುಪತಿ. ಮನೆಯಲ್ಲಿ ಒಂಬತ್ತು ವರ್ಷದ ಪೆಟ್ರೋಲ್ ಕಾರಿದೆ, ಲೀಟರಿಗೆ 16 ಕೊಡುತ್ತದೆ. ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬೇಕೆಂದು ನನಗೆ ಆಸೆ. ಪರಿಸರದ ಕಾಳಜಿಯೂ ಇದೆ. ಆದರೆ ನನ್ನ ಮೈದುನ ಒಪ್ಪುತ್ತಿಲ್ಲ. "ಅತ್ತಿಗೆ, ನಿಮ್ಮ ಕಾರಿಂದ ಹೊಗೆ ಬರಲ್ಲ ನಿಜ. ಅದು ರಾಯಚೂರಿನ ಚಿಮಣಿಯಿಂದ ಬರುತ್ತೆ, ಅಷ್ಟೇ. ಬ್ಯಾಟರಿಗೆ ಎಲ್ಲೋ ಗಣಿ ಅಗೆದಿರುತ್ತಾರೆ. ಐದು ವರ್ಷಕ್ಕೆ ಅದು ಹೋದರೆ ಅರ್ಧ ಕಾರಿನ ದುಡ್ಡು" ಅನ್ನುತ್ತಾನೆ. ಅವನ ಮಾತು ನಿಜವಾ? ಗೃಹಜ್ಯೋತಿ ಕೈತಪ್ಪುತ್ತದಾ? ಮಾವಿನ ತೋಟದ ಮನೆಯಲ್ಲಿ ಮೋಟರಿನ ಲೈನಿಂದ ಚಾರ್ಜ್ ಮಾಡಬಹುದಾ? ಹಳೇ ಕಾರನ್ನು ಏನು ಮಾಡಲಿ?

ಉತ್ತರ: ನಿಮ್ಮ ಮೈದುನನ ಮಾತು ತಳ್ಳಿಹಾಕುವಂಥದ್ದಲ್ಲ. ನಾನು ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಿಕಲ್ ಪಾಠ ಹೇಳುವವನು. ನಾಲ್ಕು ವರ್ಷದಿಂದ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ. ಪ್ರತಿ ವರ್ಷ ತರಗತಿಯಲ್ಲಿ ಯಾರಾದರೂ ಒಬ್ಬರು ಇದೇ ಪ್ರಶ್ನೆ ಎತ್ತುತ್ತಾರೆ. ಎತ್ತಲೇಬೇಕು. ಕಾರಿನ ಹಿಂದೆ ಹಸಿರು ಎಲೆಯ ಚಿತ್ರ ಅಂಟಿಸಿದ ಮಾತ್ರಕ್ಕೆ ಅದು ಪರಿಸರಕ್ಕೆ ಒಳ್ಳೆಯದಾಗುವುದಿಲ್ಲ. ನೀವು ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ಎಷ್ಟು ಭಾರದ ಕಾರು ಕೊಳ್ಳುತ್ತೀರಿ, ದಿನದ ಯಾವ ಹೊತ್ತಿನಲ್ಲಿ ಚಾರ್ಜಿಗೆ ಹಾಕುತ್ತೀರಿ ಎಂಬುದನ್ನು ನೋಡಬೇಕು. ಈ ಮೂರನ್ನೂ ನಿಮ್ಮ ಲೆಕ್ಕಕ್ಕೇ ಹಚ್ಚಿ ನೋಡುತ್ತೇನೆ.

ಮೊದಲು ರಾಯಚೂರಿನ ಹೊಗೆ. ಅಲ್ಲಿನ ಶಕ್ತಿನಗರದ ವಿದ್ಯುತ್ ಸ್ಥಾವರ 1,720 ಮೆಗಾವಾಟಿನದು, ಪೂರ್ತಿ ಕಲ್ಲಿದ್ದಲು. ನಮ್ಮ ರಾಜ್ಯದಲ್ಲಿ ಶರಾವತಿಯ ನೀರೂ ಇದೆ, ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕೂ ಇದೆ. ಹಾಗಾಗಿ ಕೆಲವರು "ನಮ್ಮ ಕರೆಂಟು ಪಾವಗಡದ್ದು, ಕಲ್ಲಿದ್ದಲಿನದ್ದಲ್ಲ" ಎಂದು ವಾದಿಸುತ್ತಾರೆ. ನಾನು ಆ ವಾದ ಮಾಡುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಜಾಲ ಇಡೀ ದೇಶದ ಜಾಲಕ್ಕೆ ಕೂಡಿಕೊಂಡಿತು. ಅಂದಿನಿಂದ ಎಲ್ಲ ಕೆರೆಯ ನೀರೂ ಒಂದೇ ಕಾಲುವೆಗೆ ಬಿದ್ದ ಹಾಗೆ. ನಮ್ಮ ಪಾಲಿಗೆ ಬಂದ ನೀರು ಯಾವ ಕೆರೆಯದು ಎಂದು ಬೇರೆ ಮಾಡಲು ಆಗುವುದಿಲ್ಲ. ದೇಶದ ಸರಾಸರಿ ಹಿಡಿಯುವುದೇ ನ್ಯಾಯ.

ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಈ ಸರಾಸರಿಯನ್ನು ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.72 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಿದೆ. ಚಿಕ್ಕ ಎಲೆಕ್ಟ್ರಿಕ್ ಕಾರು 100 ಕಿ.ಮೀ. ಓಡಲು ಗೋಡೆಯ ಸಾಕೆಟ್ಟಿನಿಂದ ಸುಮಾರು 15 ಯೂನಿಟ್ ಎಳೆಯುತ್ತದೆ. ದಾರಿಯಲ್ಲಿ ತಂತಿ, ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಸ್ಥಾವರದಲ್ಲಿ 17-18 ಯೂನಿಟ್ ಹುಟ್ಟಬೇಕು. ಅಂದರೆ 100 ಕಿ.ಮೀ.ಗೆ ಸುಮಾರು 13 ಕಿಲೋ.

ಈಗ ನಿಮ್ಮ ಪೆಟ್ರೋಲ್ ಕಾರು. ಅದೇ 100 ಕಿ.ಮೀ.ಗೆ ಆರೂಕಾಲು ಲೀಟರ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಬರುತ್ತದೆ. ಅಲ್ಲಿಗೆ 14 ಕಿಲೋ ದಾಟಿತು. ಕಚ್ಚಾ ತೈಲ ತೆಗೆದು, ಹಡಗಿನಲ್ಲಿ ತಂದು, ಶುದ್ಧೀಕರಿಸಿ, ಟ್ಯಾಂಕರಿನಲ್ಲಿ ಬಂಕಿಗೆ ತಲುಪಿಸುವ ಖರ್ಚು ಬೇರೆ. ಅದಕ್ಕೆ ಐದನೇ ಒಂದು ಭಾಗ ಸೇರಿಸಿ. ಒಟ್ಟು 17 ಕಿಲೋ ಮೀರುತ್ತದೆ.

ಹಾಗಾದರೆ 13 ಎಲ್ಲಿ, 17 ಎಲ್ಲಿ. ನಿಮ್ಮ ಮೈದುನ ಹೇಳಿದಂತೆ ಹೊಗೆ ಇದೆ, ಆದರೆ ಕಡಿಮೆ ಇದೆ. ಕಲ್ಲಿದ್ದಲಿನ ಕರೆಂಟು ಇಷ್ಟೊಂದು ಬೆರೆತಿದ್ದರೂ ಹೇಗೆ ಕಡಿಮೆ ಆಯಿತು? ಡೀಸೆಲ್ ಎಂಜಿನ್ ಇಟ್ಟು ಬಾವಿ ನೀರು ಎತ್ತಿದವರಿಗೆ ಇದು ಗೊತ್ತು. ಎಂಜಿನ್ ಕೈ ಇಡಲಾಗದಷ್ಟು ಕಾದಿರುತ್ತದೆ. ಆ ಬಿಸಿಯೆಲ್ಲ ನೀವು ದುಡ್ಡು ಕೊಟ್ಟ ಎಣ್ಣೆಯೇ. ಪೆಟ್ರೋಲ್ ಕಾರಿನಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಶಕ್ತಿ ಮಾತ್ರ ಚಕ್ರಕ್ಕೆ ಹೋಗುತ್ತದೆ. ಉಳಿದದ್ದು ರೇಡಿಯೇಟರಿಗೂ ಸೈಲೆನ್ಸರಿಗೂ ಹೋಗುತ್ತದೆ. ಎಲೆಕ್ಟ್ರಿಕ್ ಮೋಟರು ತಾನು ತಿಂದದ್ದರಲ್ಲಿ ಶೇ 85ಕ್ಕೂ ಜಾಸ್ತಿ ಕೆಲಸಕ್ಕೆ ಹಚ್ಚುತ್ತದೆ. ಬ್ರೇಕ್ ಹಾಕಿದಾಗ, ಇಳಿಜಾರಿನಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ಸೂ ಕೊಡುತ್ತದೆ.

ಆದರೆ ಒಂದು ಎಚ್ಚರಿಕೆ. ನಾನು ಚಿಕ್ಕ ಕಾರಿಗೆ ಚಿಕ್ಕ ಕಾರನ್ನು ಹೋಲಿಸಿದೆ. ಲೀಟರಿಗೆ 22 ಕೊಡುವ ಹಗುರ ಪೆಟ್ರೋಲ್ ಕಾರು ಬಿಟ್ಟು ಎರಡು ಟನ್ನಿನ ಎಲೆಕ್ಟ್ರಿಕ್ ಎಸ್‌ಯುವಿ ಕೊಂಡರೆ ಈ ವ್ಯತ್ಯಾಸ ಕರಗಿಹೋಗುತ್ತದೆ. ಉಲ್ಟಾ ಆದರೂ ಆಶ್ಚರ್ಯವಿಲ್ಲ. ಪರಿಸರಕ್ಕೆಂದು ಕೊಳ್ಳುವವರು ದೊಡ್ಡ ಗಾಡಿ ಕೊಂಡು ಬೀಗುವುದನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಇನ್ನು ಬ್ಯಾಟರಿಯ ಸಾಲ. ಸಾಲ ಎಂದೇ ಕರೆಯುತ್ತೇನೆ, ಯಾಕೆಂದರೆ ಕಾರು ಶೋರೂಮಿನಿಂದ ಹೊರಬರುವ ಮೊದಲೇ ಅದರ ತಲೆ ಮೇಲೆ ಹೊರೆ ಕೂತಿರುತ್ತದೆ. ಒಂದು ಯೂನಿಟ್ ಹಿಡಿಯುವಷ್ಟು ಬ್ಯಾಟರಿ ಮಾಡಲು ಸುಮಾರು 60ರಿಂದ 100 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಎಲ್ಲಿ ಮಾಡಿದರು, ಯಾವ ರಸಾಯನದ್ದು ಎಂಬುದರ ಮೇಲೆ ಇದು ಬದಲಾಗುತ್ತದೆ. 30 ಯೂನಿಟ್ಟಿನ ಬ್ಯಾಟರಿಗೆ ನಡುವಿನ ಲೆಕ್ಕ ಹಿಡಿದರೆ 2,400 ಕಿಲೋ. ಪ್ರತಿ 100 ಕಿ.ಮೀ.ಗೆ ನಾಲ್ಕೂವರೆ ಕಿಲೋಗಿಂತ ಸ್ವಲ್ಪ ಕಡಿಮೆ ಉಳಿಸುತ್ತಾ ಹೋದರೆ ಈ ಸಾಲ ತೀರಲು ಸುಮಾರು 55 ಸಾವಿರ ಕಿ.ಮೀ. ಓಡಬೇಕು.

ನೀವು ವರ್ಷಕ್ಕೆ ಎಷ್ಟು ಓಡಿಸುತ್ತೀರಿ? ಕಾಲೇಜು ತಿಂಗಳಿಗೆ 1,100-1,200, ಬೆಂಗಳೂರು ಸುಮಾರು 380. ತಿರುಪತಿ, ಮದುವೆ ಮುಂಜಿ ಸೇರಿ ವರ್ಷಕ್ಕೆ 18 ಸಾವಿರ ಎಂದಿಟ್ಟುಕೊಳ್ಳಿ. ಮೂರು ವರ್ಷದಲ್ಲಿ ಸಾಲ ತೀರುತ್ತದೆ. ಆಮೇಲಿನದೆಲ್ಲ ಲಾಭ. ಆದರೆ ನಿಮ್ಮ ಬೀದಿಯಲ್ಲೇ ವರ್ಷಕ್ಕೆ 4,000 ಕಿ.ಮೀ. ಓಡಿಸುವವರೊಬ್ಬರು ಇದ್ದರೆ ಅವರಿಗೆ 13-14 ವರ್ಷ ಬೇಕು. ಅವರು ನನ್ನನ್ನು ಕೇಳಿದ್ದರೆ ಇರುವ ಕಾರನ್ನೇ ಚೆನ್ನಾಗಿ ನೋಡಿಕೊಳ್ಳಿ ಎನ್ನುತ್ತಿದ್ದೆ.

ಈ 55 ಸಾವಿರವನ್ನು ಕೆಳಗಿಳಿಸುವ ದಾರಿ ನಿಮ್ಮ ಕೈಯಲ್ಲೇ ಇದೆ. ಅದನ್ನು ಹೇಳುವ ಮೊದಲು ಕೆಜಿಎಫ್ ವಿಷಯ ನೆನಪಿಸುತ್ತೇನೆ. ಅಲ್ಲಿನ ಗಣಿಗಳು ಮೊದಲು ಉಗಿ ಎಂಜಿನ್ನಿನಲ್ಲಿ ನಡೆಯುತ್ತಿದ್ದವು. ಎಂಜಿನ್ನಿಗೆ ಸೌದೆ, ಕಲ್ಲಿದ್ದಲು ಬೇಕಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿ.ಮೀ. ತಂತಿ ಮೇಲೆ ನಡೆದು ಬಂತು. ಆಗಿನ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಕರೆಂಟು ಎಲ್ಲಿ ಹುಟ್ಟುತ್ತದೆ ಎನ್ನುವುದು ಯಂತ್ರದಷ್ಟೇ ಮುಖ್ಯ ಎಂದು ನಮ್ಮ ಜಿಲ್ಲೆ ಆಗಲೇ ಕಂಡುಕೊಂಡಿತ್ತು.

ನಿಮಗೆ ಆ ಶಿವನಸಮುದ್ರ ಮನೆಯ ತಾರಸಿ ಮೇಲೇ ಇದೆ. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ಒಂದು ಕಿಲೋವಾಟ್ ಸೋಲಾರ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 3 ಕಿಲೋವಾಟ್ ಹಾಕಿಸಿದರೆ 12 ಯೂನಿಟ್. ನಿಮ್ಮ ದಿನದ 50 ಕಿ.ಮೀ.ಗೆ ಬೇಕಾದದ್ದು ಏಳೂವರೆ ಯೂನಿಟ್. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಪ್ಯಾನೆಲ್ ತಯಾರಿಸಿದ ಹೊರೆಯನ್ನು ಸೇರಿಸಿಕೊಂಡರೂ ಬಿಸಿಲಿನ ಕರೆಂಟಿನಲ್ಲಿ 100 ಕಿ.ಮೀ.ಗೆ ಒಂದು ಕಿಲೋ ಕೂಡ ಆಗುವುದಿಲ್ಲ. ಆಗ ಬ್ಯಾಟರಿಯ ಸಾಲ ಸುಮಾರು 15 ಸಾವಿರ ಕಿ.ಮೀ.ಗೇ ತೀರುತ್ತದೆ. ನಿಮಗೆ ಅದು ಒಂದು ವರ್ಷದೊಳಗಿನ ಮಾತು.

ಇಲ್ಲೊಂದು ತೊಡಕಿದೆ, ಮುಚ್ಚಿಡುವುದಿಲ್ಲ. ಬಿಸಿಲಿರುವಾಗ ನಿಮ್ಮ ಕಾರು ಕಾಲೇಜಿನಲ್ಲಿರುತ್ತದೆ. ರಾತ್ರಿ ಮನೆಗೆ ಬಂದಾಗ ಬಿಸಿಲಿಲ್ಲ. ನೆಟ್ ಮೀಟರಿನಲ್ಲಿ ಹಗಲು ಕೊಟ್ಟದ್ದನ್ನು ರಾತ್ರಿ ವಾಪಸ್ ಪಡೆದಂತೆ ಬಿಲ್ಲಿನಲ್ಲಿ ಕಾಣುತ್ತದೆ. ದುಡ್ಡಿನ ಲೆಕ್ಕ ಸರಿಹೋಗುತ್ತದೆ. ರಾತ್ರಿಯ ಕರೆಂಟಿನಲ್ಲಿ ಕಲ್ಲಿದ್ದಲು ಜಾಸ್ತಿ ಇರುವುದು ಮಾತ್ರ ತಪ್ಪುವುದಿಲ್ಲ. ಅದಕ್ಕೆ ನಾನು ಹೀಗೆ ಮಾಡುತ್ತೇನೆ. ದಿನಾ ಚಾರ್ಜಿಗೆ ಹಾಕುವುದಿಲ್ಲ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹಾಕಿ ಮಧ್ಯಾಹ್ನ ಮೂರಕ್ಕೆ ತೆಗೆಯುತ್ತೇನೆ. ಮಾಮೂಲಿ ಸಾಕೆಟ್ಟಿನಲ್ಲಿ ಗಂಟೆಗೆ 3 ಯೂನಿಟ್ ತುಂಬುತ್ತದೆ. ಆರು ಗಂಟೆಗೆ 18 ಯೂನಿಟ್, ಅಂದರೆ 120 ಕಿ.ಮೀ. ವಾರದ ನಡುವೆ ಬೇಕಾದರೆ ರಾತ್ರಿ ಹನ್ನೊಂದರ ಮೇಲೆ ಹಾಕುತ್ತೇನೆ. ಸಂಜೆ ಆರರಿಂದ ಹತ್ತರ ಒಳಗೆ ಹಾಕುವುದೇ ಇಲ್ಲ. ಸೂರ್ಯ ಮುಳುಗಿ, ಊರೆಲ್ಲ ಲೈಟು, ಟಿವಿ, ಮಿಕ್ಸಿ ಹಾಕುವ ಹೊತ್ತು ಅದು. ಕಾರಿನಲ್ಲೇ ಟೈಮರ್ ಇರುತ್ತದೆ, ಒಂದು ಸಲ ಹೊಂದಿಸಿದರೆ ಸಾಕು. ನಿಮ್ಮ ಕಾಲೇಜಿನ ತಾರಸಿ ಮೇಲೆ ಸೋಲಾರ್ ಇದ್ದರೆ, ಆಡಳಿತ ಮಂಡಳಿಯನ್ನು ಕೇಳಿ ದುಡ್ಡು ಕೊಟ್ಟು ಬಳಸುವ ಒಂದು ಸಾಕೆಟ್ ಹಾಕಿಸಿಕೊಳ್ಳಿ. ಹಗಲಿಡೀ ನಿಂತಿರುವ ಕಾರಿಗೆ ಅದಕ್ಕಿಂತ ಒಳ್ಳೆಯ ಚಾರ್ಜಿಂಗ್ ಇನ್ನೊಂದಿಲ್ಲ.

ಗೃಹಜ್ಯೋತಿ ಬಗ್ಗೆ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಶೋರೂಮಿನವರು ಇದನ್ನು ಹೇಳುವುದಿಲ್ಲ. ನಿಮ್ಮ ಮನೆಗೆ ತಿಂಗಳಿಗೆ 90 ಯೂನಿಟ್ ಆಗುತ್ತದೆ ಎಂದುಕೊಳ್ಳಿ. ಹಳೇ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ನಿಮಗೊಂದು ಮಿತಿ ಕೊಟ್ಟಿರುತ್ತಾರೆ. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದದ್ದಕ್ಕೆ ಮಾತ್ರ ಬಿಲ್. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಕಾರಿಗೆ ತಿಂಗಳಿಗೆ 225 ಯೂನಿಟ್ ಬೇಕು. ಒಟ್ಟು 315. ಅಲ್ಲಿಗೆ ಪುಕ್ಕಟೆ ಸಿಗುತ್ತಿದ್ದ 90 ಯೂನಿಟ್ಟಿಗೂ, ನಿಗದಿತ ಶುಲ್ಕಕ್ಕೂ ನೀವೇ ಕಟ್ಟಬೇಕು. ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸು ಸುಮ್ನೆ ಹೋಗುತ್ತದೆ.

ಅದಕ್ಕೆ ಬೇರೆ ಮೀಟರ್ ಹಾಕಿಸುವ ಬಗ್ಗೆ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಎಲೆಕ್ಟ್ರಿಕ್ ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರ ಇದೆ, ಅದು ಮನೆಯ ದರಕ್ಕಿಂತ ಕಡಿಮೆ. ಅದಕ್ಕೂ ಕಿಲೋವಾಟಿಗೆ ಇಷ್ಟು ಎಂದು ನಿಗದಿತ ಶುಲ್ಕ ಇರುತ್ತದೆ, ಕೇಳಿ ಬರೆದುಕೊಳ್ಳಿ. ಸೋಲಾರ್ ಹಾಕಿಸುವ ಮನಸ್ಸಿದ್ದರೆ ಅದು ಯಾವ ಮೀಟರಿಗೆ ಸೇರಬೇಕು ಎಂಬುದನ್ನೂ ಅದೇ ದಿನ ತೀರ್ಮಾನ ಮಾಡಿಕೊಂಡು ಬನ್ನಿ. ಆಮೇಲೆ ಬದಲಾಯಿಸುವುದು ಓಡಾಟದ ಕೆಲಸ.

ತೋಟದ ಮನೆಯ ಮೋಟರ್ ಲೈನ್ ಮಾತ್ರ ಬೇಡ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತವಾಗಿ ಕೊಡುವ ಕರೆಂಟು ಅದು, ನೀರೆತ್ತಲು ಮಾತ್ರ. ಕಾರಿಗೆ ಬಳಸಿದರೆ ದುರ್ಬಳಕೆ ಆಗುತ್ತದೆ. ಕಾನೂನು ಬಿಡಿ, ಕಾರಿಗೂ ಒಳ್ಳೆಯದಲ್ಲ. ತ್ರೀಫೇಸ್ ಬಂದ ಕೂಡಲೇ ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಏರುತ್ತದೆ. ಚಾರ್ಜರ್ ನಡುನಡುವೆ ನಿಂತುಹೋಗುತ್ತದೆ. ಮಾವಿನ ಕಾಲದಲ್ಲಿ ತೋಟದಲ್ಲೇ ಉಳಿಯುತ್ತೀರಿ ಎಂದಾದರೆ ಆ ಮನೆಗೆ ಸರಿಯಾದ ಗೃಹ ಸಂಪರ್ಕ ಪಡೆಯಿರಿ.

ಮನೆಯ ವೈರಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬೆಂಕಿಯ ಭಯದ ಬಗ್ಗೆ ಜನ ಮಾತಾಡುತ್ತಾರೆ. 2022ರಲ್ಲಿ ಕೆಲವು ಎಲೆಕ್ಟ್ರಿಕ್ ಸ್ಕೂಟರ್‌ಗಳು ಉರಿದವು. ಆಮೇಲೆ ಬ್ಯಾಟರಿಯ ಸುರಕ್ಷತಾ ನಿಯಮಗಳು ಬಿಗಿಯಾದವು. ನಾನು ಕಣ್ಣಾರೆ ಕಂಡ ತೊಂದರೆಗಳೆಲ್ಲ ಬ್ಯಾಟರಿಯವಲ್ಲ, ಗೋಡೆಯ ಸಾಕೆಟ್ಟಿನವು. ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಕಾರು ಆರೆಂಟು ಗಂಟೆ ಒಂದೇ ಸಮ 15 ಆಂಪಿಯರ್ ಹತ್ತಿರ ಎಳೆಯುತ್ತದೆ. ಹಳೇ ಸಾಕೆಟ್ಟಿನ ಒಳಗೆ ಸ್ಕ್ರೂ ಸಡಿಲವಾಗಿದ್ದರೆ ಅಲ್ಲಿ ಕಾದು, ಪ್ಲಾಸ್ಟಿಕ್ ಕರಗುತ್ತದೆ. ಮೀಟರಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ. ಅದಕ್ಕೆ ಪ್ರತ್ಯೇಕ ಎಂಸಿಬಿ (ಲೋಡ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಸಾಕೆಟ್ ಒಳ್ಳೆಯ ಗುಣಮಟ್ಟದ್ದಿರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಲೇಬೇಡಿ. ಮನೆಗೆ ಮಂಜೂರಾದ ಲೋಡ್ ಎಷ್ಟು ಎಂದು ಬಿಲ್ಲಿನಲ್ಲಿ ನೋಡಿ, ಕಡಿಮೆ ಇದ್ದರೆ ಮೊದಲು ಹೆಚ್ಚಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಅರ್ತಿಂಗ್. ಅರ್ತಿಂಗ್ ಸರಿ ಇಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ಆಗುವುದೇ ಇಲ್ಲ, ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ನಮ್ಮ ನೆಲ ಕಲ್ಲು, ಒಣ ಮಣ್ಣು. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ತಿಂಗ್ ಮಾರ್ಚ್ ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ಮೊದಲ ಬೇಸಿಗೆಯಲ್ಲಿ ನನ್ನ ಕಾರು ನಾಲ್ಕು ದಿನ ಚಾರ್ಜ್ ಆಗಲಿಲ್ಲ. ಕಾರೇ ಕೆಟ್ಟಿತೆಂದು ಗಾಬರಿಯಾಗಿದ್ದೆ. ಗುಂಡಿ ತೋಡಿಸಿ, ಇದ್ದಲು, ಉಪ್ಪು ಹೊಸದಾಗಿ ತುಂಬಿಸಿ, ನಾಲ್ಕು ಬಕೆಟ್ ನೀರು ಹೊಯ್ದ ಮೇಲೆ ಅದೇ ಸಂಜೆ ಚಾರ್ಜ್ ಆಯಿತು. ಈಗ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ನೀರು ಹಾಕುತ್ತೇನೆ.

ಇನ್ನು ದಾರಿ. ಕಂಪನಿಯವರು 300 ಕಿ.ಮೀ. ಎಂದರೆ ನೀವು 200 ಎಂದು ತಿಳಿಯಿರಿ. ಅವರ ಅಂಕಿ ಪರೀಕ್ಷಾ ಕೊಠಡಿಯಲ್ಲಿ ಬಂದದ್ದು. ಕಾಲೇಜಿನ 50 ಕಿ.ಮೀ. ಯಾವ ಲೆಕ್ಕವೂ ಅಲ್ಲ. ಬೆಂಗಳೂರಿಗೆ ಹೋಗಿ ಬರುವುದು 190 ಕಿ.ಮೀ., ಅಂಚಿನ ಲೆಕ್ಕ. ಅಲ್ಲಿ ಕೆಲಸ ಮುಗಿಸುವಷ್ಟರಲ್ಲಿ ಎಲ್ಲಾದರೂ ಒಂದು ಗಂಟೆ ಹಾಕಿಕೊಂಡರೆ ನಿಶ್ಚಿಂತೆ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು ಆಗುತ್ತದೆ, ಮನೆಯದಕ್ಕಿಂತ ಮೂರು ಪಟ್ಟು. ಹಾಗಾಗಿ ಬೇಕಾದಷ್ಟೇ ತುಂಬಿಕೊಳ್ಳಿ. ನೀವೊಬ್ಬರೇ ಹೋಗುವ ದಿನ ಬಂಗಾರಪೇಟೆಯಿಂದ ರೈಲು ಹಿಡಿಯಿರಿ ಎಂದೂ ಹೇಳುತ್ತೇನೆ. ಅದೂ ಕರೆಂಟಿನಲ್ಲೇ ಓಡುತ್ತದೆ, ಸಾವಿರಾರು ಜನರನ್ನು ಒಟ್ಟಿಗೆ ಒಯ್ಯುತ್ತದೆ. ಯಾವ ಕಾರೂ ಅದಕ್ಕೆ ಸಮ ಅಲ್ಲ.

ವೇಗದ ಬಗ್ಗೆ ಒಂದು ಮಾತು. ನನ್ನ ಕಾರು 80ರಲ್ಲಿ ಹೋದರೆ 100 ಕಿ.ಮೀ.ಗೆ ಬ್ಯಾಟರಿಯಿಂದ 13 ಯೂನಿಟ್ ತಿನ್ನುತ್ತದೆ. 100ರಲ್ಲಿ ಹೋದರೆ 17. ಗಾಳಿಯನ್ನು ಸೀಳುವ ಖರ್ಚು ಅದು. ಮಾಲೂರು, ಬೇತಮಂಗಲದ ಕಡೆಯಿಂದ ಹೋಗುವ ಹೊಸ ಎಕ್ಸ್‌ಪ್ರೆಸ್‌ವೇ ಖಾಲಿ ಇದೆಯೆಂದು ಒತ್ತಿದರೆ ಬ್ಯಾಟರಿಯ ಶೇಕಡಾವಾರು ಅಂಕಿ ಕಣ್ಣೆದುರೇ ಇಳಿಯುತ್ತದೆ.

ತಿರುಪತಿ ದಾರಿಯಲ್ಲಿ ವೇಗಕ್ಕಿಂತ ಇಳಿಜಾರಿನ ಲೆಕ್ಕ ಮುಖ್ಯ. ನಿಮ್ಮ ಊರು ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ತಿರುಪತಿ 160ರ ಆಸುಪಾಸು. ಮುಳಬಾಗಿಲು, ಪಲಮನೇರು ದಾಟಿ ಘಾಟಿ ಇಳಿದು ಚಿತ್ತೂರು ಸೇರುವಾಗ ಕಾರು ತಾನೇ ಉರುಳುತ್ತದೆ. ಹೋಗುವಾಗ "ಎಷ್ಟು ಚೆನ್ನಾಗಿ ಬಂತು" ಅನ್ನಿಸುತ್ತದೆ. ಬರುವಾಗ ಅಷ್ಟನ್ನೂ ಹತ್ತಬೇಕು. ನಾಲ್ಕು ಜನ ಕೂತ ಕಾರನ್ನು 650 ಮೀಟರ್ ಮೇಲೆತ್ತಲು ಮೂರು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು. ಅಂದರೆ 25 ಕಿ.ಮೀ.ಯಷ್ಟು ಓಟ ಹತ್ತುವುದಕ್ಕೇ ಹೋಗುತ್ತದೆ. ಬೆಟ್ಟದ ಮೇಲಿನ ತಿರುಮಲ ಹೆಚ್ಚು ಕಡಿಮೆ ನಿಮ್ಮ ಊರಿನಷ್ಟೇ ಎತ್ತರ. ಅದನ್ನು ಹತ್ತಲು ಮತ್ತೆ ಅಷ್ಟೇ ಬೇಕು, ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಆ ಘಾಟಿಯಲ್ಲಿ 2022ರಿಂದ ಎಲೆಕ್ಟ್ರಿಕ್ ಬಸ್ಸುಗಳೂ ಓಡುತ್ತಿವೆ. ಹಾಗಾಗಿ ಏರಿಗೆ ಹೆದರಬೇಡಿ, ಲೆಕ್ಕ ಮಾತ್ರ ಇಟ್ಟುಕೊಳ್ಳಿ.

ಒಂದು ಸಲ ನಾನು ಲೆಕ್ಕ ತಪ್ಪಿದೆ. ಚಿತ್ತೂರು ಬಿಟ್ಟು ವಾಪಸ್ ಬರುವಾಗ ಹೆದ್ದಾರಿ ಬದಿಯ ಒಂದು ಹೋಟೆಲಿನ ಚಾರ್ಜರನ್ನು ನಂಬಿಕೊಂಡು ಶೇ 18ರಲ್ಲಿ ಅಲ್ಲಿಗೆ ತಲುಪಿದೆ. ಚಾರ್ಜರಿನ ಗನ್ (ಪ್ಲಗ್) ಕಾರಿಗೆ ಕೂರುತ್ತದೆ, ಕರೆಂಟು ಬರುವುದಿಲ್ಲ. ಆ್ಯಪಿನಲ್ಲಿ ಮಾತ್ರ "ಲಭ್ಯವಿದೆ" ಎಂದು ಹಸಿರು ಗುರುತು. ಅಮ್ಮ ಹಿಂದಿನ ಸೀಟಿನಲ್ಲಿದ್ದರು, ಅವರಿಗೆ ಶುಗರ್ ಬೇರೆ. ಅಲ್ಲೇ ಊಟ ಮಾಡಿಸಿ, ಅಡುಗೆ ಮನೆಯ ಮಾಮೂಲಿ ಸಾಕೆಟ್ಟಿನಿಂದ ಎರಡೂವರೆ ಗಂಟೆ ಹಾಕಿಕೊಂಡು, ಎಸಿ ಆರಿಸಿ, 50ರ ವೇಗದಲ್ಲಿ ಮುಂದಿನ ಚಾರ್ಜರ್ ಮುಟ್ಟಿದೆವು. ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಶೇ 30ಕ್ಕಿಂತ ಕೆಳಗೆ ಇಳಿಯುವ ಮುಂಚೆ ಚಾರ್ಜರ್ ಹುಡುಕುವುದು. ಅದು ಕೈಕೊಟ್ಟರೆ ತಲುಪಬಹುದಾದ ಇನ್ನೊಂದನ್ನು ಮೊದಲೇ ನೋಡಿಟ್ಟುಕೊಳ್ಳುವುದು. ವರ್ಷಕ್ಕೆ ಎರಡು ತಿರುಪತಿಗೆಂದು ದೊಡ್ಡ ಬ್ಯಾಟರಿಯ ಕಾರು ಕೊಳ್ಳಬೇಡಿ. ಮಿಕ್ಕ 360 ದಿನ ಆ ಭಾರವನ್ನು ಸುಮ್ಮನೆ ಹೊರಬೇಕಾಗುತ್ತದೆ. 30 ಯೂನಿಟ್ಟಿನದು ನಿಮಗೆ ಸಾಕು.

ಐದು ವರ್ಷಕ್ಕೆ ಬ್ಯಾಟರಿ ಹೋಗುತ್ತದಾ? ನಮ್ಮಲ್ಲಿ ಮಾರುವ ಹೆಚ್ಚಿನ ಕಾರುಗಳಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ನೀವು 8 ವರ್ಷಕ್ಕೆ 1,44,000 ಓಡಿಸುತ್ತೀರಿ. ವಾರಂಟಿಯ ಒಳಗೇ ಬರುತ್ತೀರಿ. ಚಿಕ್ಕ ಕಾರುಗಳಲ್ಲಿ ಈಗ ಬರುವ ಎಲ್‌ಎಫ್‌ಪಿ (ಲಿಥಿಯಂ, ಕಬ್ಬಿಣ, ಫಾಸ್ಫೇಟಿನ) ಬ್ಯಾಟರಿ 1,500 ಸಲ ಪೂರ್ತಿ ತುಂಬಿ ಖಾಲಿಯಾದರೂ ತಡೆಯುತ್ತದೆ. ಸಲಕ್ಕೆ 200 ಕಿ.ಮೀ. ಹಿಡಿದರೆ 3 ಲಕ್ಷ ಕಿ.ಮೀ. ಅದು ಒಂದೇ ದಿನ ಸಾಯುವುದಿಲ್ಲ, ಹಿಡಿಯುವ ಶಕ್ತಿ ವರ್ಷಕ್ಕೆ ಒಂದಿಷ್ಟು ಕುಗ್ಗುತ್ತಾ ಬರುತ್ತದೆ. ಬ್ಯಾಟರಿಗೆ ಬಿಸಿಯೇ ಶತ್ರು. ಆ ಲೆಕ್ಕದಲ್ಲಿ ರಾಯಚೂರು, ಬಳ್ಳಾರಿಯವರಿಗಿಂತ ಕೋಲಾರದವರು ಅದೃಷ್ಟವಂತರು. ನೆರಳಿನಲ್ಲಿ ನಿಲ್ಲಿಸಿ. ವಾರಕ್ಕೊಮ್ಮೆ ಶೇ 100 ತುಂಬಿಸಿ, ಎಲ್‌ಎಫ್‌ಪಿಯಲ್ಲಿ ಕಾರಿನ ಚಾರ್ಜ್ ಮೀಟರ್ ಸರಿಯಾಗಿ ತೋರಿಸಲು ಅದು ಬೇಕು. ಎಂಟು ವರ್ಷ ಆದ ಮೇಲೆ ಕೆಟ್ಟರೆ ಖರ್ಚು ನಿಮ್ಮದೇ, ಅದು ದೊಡ್ಡ ಖರ್ಚೇ. ಸೆಕೆಂಡ್ ಹ್ಯಾಂಡ್ ಬೆಲೆಯೂ ಪೆಟ್ರೋಲ್ ಕಾರಿನಷ್ಟು ನಿಲ್ಲುವುದಿಲ್ಲ. ಮೂರ್ನಾಲ್ಕು ವರ್ಷಕ್ಕೆ ಕಾರು ಬದಲಾಯಿಸುವ ಅಭ್ಯಾಸ ಇದ್ದವರಿಗೆ ಇದು ನಷ್ಟದ ಬಾಬ್ತು. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಸರಿ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. 18 ಸಾವಿರ ಕಿ.ಮೀ.ಗೆ 1,125 ಲೀಟರ್ ಪೆಟ್ರೋಲ್, ಒಂದು ಲಕ್ಷದ ಮೇಲೆ. ಅದೇ ಓಟಕ್ಕೆ 2,700 ಯೂನಿಟ್ ಕರೆಂಟು, ಮನೆಯ ದರದಲ್ಲೇ ಹಿಡಿದರೂ 17-18 ಸಾವಿರ. ಹೊರಗಿನ ಚಾರ್ಜಿಂಗ್ ಸೇರಿ 25 ಸಾವಿರ ಎನ್ನಿ. ಕೊಳ್ಳುವಾಗ ಮೂರು-ಮೂರೂವರೆ ಲಕ್ಷ ಜಾಸ್ತಿ ಕೊಟ್ಟಿದ್ದರೆ ನಾಲ್ಕು ವರ್ಷದ ಒಳಗೆ ವಸೂಲಾಗುತ್ತದೆ.

ಗಣಿಯ ಮಾತು ಉಳಿಯಿತು. ಇದರಲ್ಲಿ ನಿಮ್ಮ ಮೈದುನನ ಆತಂಕ ನನ್ನದೂ ಹೌದು. ಗಣಿ ಎಂದರೇನು ಎಂದು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ. ಗಾಳಿ ಬೀಸಿದಾಗ ಆ ಧೂಳು ಮನೆಗಳ ಒಳಗೆ ಬರುತ್ತದೆ. ಲಿಥಿಯಂ ತೆಗೆಯುವ ಚಿಲಿಯ ಅಟಕಾಮಾ ಜಗತ್ತಿನ ಅತ್ಯಂತ ಒಣ ಜಾಗಗಳಲ್ಲೊಂದು. ಅಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸುತ್ತಾರೆ. ಸಾವಿರ ಅಡಿ ಕೊರೆದು ನೀರಿಗಾಗಿ ಕಾದು ಕೂತವರು ನಾವು, ಆ ಊರಿನವರ ಸಂಕಟ ನಮಗೆ ಅರ್ಥವಾಗಬೇಕು.

ಆದರೂ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. 30 ಯೂನಿಟ್ಟಿನ ಬ್ಯಾಟರಿಯಲ್ಲಿರುವ ಲಿಥಿಯಂ ಸುಮಾರು 3 ಕಿಲೋ. ಅದಕ್ಕಾಗಿ ಅಗೆದದ್ದು ಇನ್ನೂ ಬಹಳ ಇರುತ್ತದೆ, ನಿಜ. ನಿಮ್ಮ ಪೆಟ್ರೋಲ್ ಕಾರು ಎಂಟು ವರ್ಷಕ್ಕೆ 9,000 ಲೀಟರ್ ಕುಡಿಯುತ್ತದೆ, ಆರೂವರೆ ಟನ್ನಿಗೂ ಜಾಸ್ತಿ. ಅದೂ ನೆಲ ಕೊರೆದೇ ಬಂದದ್ದು. ಉರಿದ ಮೇಲೆ ಒಂದು ಹನಿಯೂ ಮರಳಿ ಸಿಗುವುದಿಲ್ಲ. ಲೋಹ ಹಾಗಲ್ಲ, ಬ್ಯಾಟರಿಯಲ್ಲೇ ಉಳಿದಿರುತ್ತದೆ. ಎಲ್‌ಎಫ್‌ಪಿ ಬ್ಯಾಟರಿಯಲ್ಲಿ ಕೋಬಾಲ್ಟ್ ಇರುವುದೇ ಇಲ್ಲ. ಜಗತ್ತಿನ ಕೋಬಾಲ್ಟಿನಲ್ಲಿ ಹೆಚ್ಚಿನ ಪಾಲು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ, ಅಲ್ಲಿ ಮಕ್ಕಳೂ ದುಡಿಯುತ್ತಾರೆ. ಅದಕ್ಕೇ ಕೊಳ್ಳುವಾಗ "ಇದು ಎಲ್‌ಎಫ್‌ಪಿಯಾ?" ಎಂದು ಕೇಳಿ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಯ ಹೊಣೆ ತಯಾರಕರದ್ದು. 2026–27ರಿಂದ ಅದರಲ್ಲಿರುವ ವಸ್ತುಗಳಲ್ಲಿ ಶೇ 90ರಷ್ಟನ್ನು ಮರಳಿ ಪಡೆಯಬೇಕು ಎಂದೂ ಅದರಲ್ಲಿದೆ. ನಿಯಮ ಒಳ್ಳೆಯದು. ಆದರೆ ಇನ್ವರ್ಟರಿನ ಸೀಸದ ಬ್ಯಾಟರಿ ಇವತ್ತಿಗೂ ಗುಜರಿಗೆ ಹೋಗಿ, ಊರಾಚೆ ಬಯಲಿನಲ್ಲಿ ಕರಗುವುದನ್ನು ನೋಡಿದ್ದೇನೆ. ನಿಮ್ಮ ಕಾರಿನ ಬ್ಯಾಟರಿ ಆ ದಾರಿ ಹಿಡಿಯದಂತೆ ನೋಡಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಯಾರು ಎಷ್ಟೇ ದುಡ್ಡು ಕೊಡುತ್ತೇನೆಂದರೂ ಕಂಪನಿಗೇ ವಾಪಸ್ ಕೊಟ್ಟು ರಸೀದಿ ಪಡೆಯಿರಿ.

ಕೊನೆಗೆ ನಿಮ್ಮ ಹಳೇ ಕಾರು. ಅದನ್ನು ಮಾರಿದರೆ ಇನ್ನೊಬ್ಬರು ಓಡಿಸುತ್ತಾರೆ, ಹೊಗೆ ನಿಲ್ಲುವುದಿಲ್ಲ. ಅವರು ಅದಕ್ಕಿಂತ ಹಳೆಯದನ್ನು ಬಿಟ್ಟು ಇದನ್ನು ಕೊಂಡರೆ ಒಳ್ಳೆಯದೇ. ಮನೆಯಲ್ಲಿ ಜಾಗ ಇದ್ದರೆ ಒಂದು ವರ್ಷ ಇಟ್ಟುಕೊಳ್ಳಿ ಎನ್ನುತ್ತೇನೆ. ತೋಟಕ್ಕೆ, ಮಂಡಿಗೆ ಮಾವು ಸಾಗಿಸುವ ದಿನಗಳಿಗೆ, ಮೊದಲ ತಿರುಪತಿ ಯಾತ್ರೆಗೆ ಅದಿರಲಿ. ಒಂದು ಪುಸ್ತಕದಲ್ಲಿ ಯಾವ ಕಾರು ಎಷ್ಟು ಓಡಿತು ಎಂದು ಬರೆಯುತ್ತಾ ಬನ್ನಿ. ಮುಂದಿನ ಯುಗಾದಿ ಹೊತ್ತಿಗೆ ಹಳೇ ಕಾರಿನ ಓಟ ವರ್ಷಕ್ಕೆ ಎರಡು ಸಾವಿರ ಕಿ.ಮೀ. ದಾಟಿರದಿದ್ದರೆ ಆಗ ಮಾರಿ. ಆ ಪುಸ್ತಕವನ್ನು ಮೈದುನನಿಗೂ ತೋರಿಸಿ. ಬುಕ್ಕಿಂಗ್ ಮಾಡುವ ಮೊದಲು ಕಳೆದ ಹನ್ನೆರಡು ತಿಂಗಳ ಕರೆಂಟು ಬಿಲ್, ಮಂಜೂರಾದ ಲೋಡ್, ಅರ್ತಿಂಗ್ ಗುಂಡಿಯ ಸ್ಥಿತಿ ನೋಡಿ ನನಗೆ ಇನ್ನೊಂದು ಪತ್ರ ಬರೆಯಿರಿ. ಮೀಟರ್ ಒಂದಿರಬೇಕಾ, ಎರಡಾ ಎಂದು ಆಗ ಖಚಿತವಾಗಿ ಹೇಳುತ್ತೇನೆ.